ಕುರ್ಚಿಯ ಮೇಲೊಂದು ಟವಲು

ಮನುಷ್ಯರಲ್ಲಿ ಎರಡು ಬಗೆ. ಬಸ್ಸು ಹತ್ತಿ ಸೀಟು ಹುಡುಕುವವರು, ಸೀಟು ಹಿಡಿದು ಆಮೇಲೆ ಬಸ್ಸು ಹತ್ತುವವರು. ನಾನು ಎರಡನೆಯ ಬಗೆಯವನು ಎಂದು ಹೇಳಿಕೊಳ್ಳಲು ಹೋದ ವಾರದವರೆಗೂ ನನಗೆ ನಾಚಿಕೆ ಇರಲಿಲ್ಲ. ಕಂಪ್ಲಿಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಹದಿನಾರು ವರ್ಷಗಳಿಂದ ಹೊಸಪೇಟೆಯಿಂದ ದಿನಾ ಹೋಗಿಬರುತ್ತಿದ್ದೇನೆ. ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆಯೇ ಅದರ ಪಕ್ಕ ನಾಲ್ಕು ಹೆಜ್ಜೆ ಓಡಿ, ಕಿಟಕಿಯೊಳಗೆ ಟವಲು ಎಸೆದು, ಆಮೇಲೆ ಏನೂ ಆಗದವನಂತೆ ನಿಧಾನವಾಗಿ ಬಾಗಿಲಿಗೆ ಹೋಗುವುದು ನಮ್ಮ ಪದ್ಧತಿ. ಟವಲು ಬಿದ್ದ ಸೀಟಿನಲ್ಲಿ ಬೇರೆ ಯಾರೂ ಕೂರುವುದಿಲ್ಲ. ಗದ್ದೆಯ ಬದುವಿಗಾಗಿ ಅಣ್ಣತಮ್ಮಂದಿರೊಡನೆ ಹೊಡೆದಾಡಿ ಬಂದವರೂ ಬಸ್ಸಿನೊಳಗೆ ಟವಲಿಗೆ ಮರ್ಯಾದೆ ಕೊಡುತ್ತಾರೆ. ಒಮ್ಮೆ ನಾನು ಟವಲು ಎಸೆದು, ಪರಿಚಯದವರೊಬ್ಬರು ಸಿಕ್ಕರೆಂದು ಅವರ ಮಗಳ ಮದುವೆಯ ವಿಚಾರ ಕೇಳುತ್ತ ನಿಂತೆ. ಬಸ್ಸು ಹೊರಟೇ ಹೋಯಿತು. ಮರುದಿನ ಕಂಡಕ್ಟರು ಟವಲನ್ನು ಮಡಿಚಿ ನನ್ನ ಕೈಗಿಟ್ಟು, "ಕಂಪ್ಲಿತನಕ ಆರಾಮ ಕುಂತಿತ್ರಿ ಸರ, ಯಾರೂ ಎಬ್ಬಿಸ್ಲಿಲ್ಲ" ಎಂದ. ಆ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ನಾನಿಲ್ಲದೆಯೂ ನನ್ನ ಸೀಟು ನನ್ನದಾಗಿಯೇ ಉಳಿದಿತ್ತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಮನೆಯಲ್ಲಿ ನಾನು ಟವಲು ಹಾಕುವುದಿಲ್ಲ. ಅಗತ್ಯವಿಲ್ಲ. ನಡುಮನೆಯಲ್ಲಿ ಫ್ಯಾನಿನ ಕೆಳಗೆ ಒಂದು ಬೆತ್ತದ ಕುರ್ಚಿ ಇದೆ, ಅದರಲ್ಲಿ ಖುದ್ದು ನಾನೇ ಇರುತ್ತೇನೆ. ಆ ಕುರ್ಚಿ ಮನೆಗೆ ಬಂದ ದಿನದಿಂದ ತಾನು ಅದರಲ್ಲಿ ಒಮ್ಮೆಯೂ ಕೂತಿಲ್ಲ ಎಂಬುದು ನನ್ನ ಹೆಂಡತಿ ಗಿರಿಜಾಳ ಹಳೆಯ ತಕರಾರು. "ಯಾರು ಬ್ಯಾಡ ಅಂದ್ರು?" ಎಂದು ನಾನು ಅದರಲ್ಲಿ ಕೂತುಕೊಂಡೇ ಕೇಳುತ್ತೇನೆ.

ಈಗ ಬೆಂಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬಡಾವಣೆಯ ನಡುವೆ ಒಂದು ಖಾಲಿ ಜಾಗವಿತ್ತು. ಜಾಲಿ ಬೆಳೆದು, ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳ ಕೆಂಪು ಧೂಳು ಕುಡಿದು, ನಮ್ಮೆಲ್ಲರ ಮನೆಯ ಹಳೆಯ ಕಮೋಡು, ಮುರಿದ ಮಂಚಗಳಿಗೆ ಆಶ್ರಯ ಕೊಟ್ಟಿತ್ತು. ಅದನ್ನು ಪಾರ್ಕು ಮಾಡಬೇಕೆಂದು ಬಡಾವಣೆಯವರು ಒಂದು ಸಮಿತಿ ಮಾಡಿಕೊಂಡೆವು. ಬೇರೆ ಯಾರೂ ಒಪ್ಪದಿದ್ದುದರಿಂದ ನಾನು ಕಾರ್ಯದರ್ಶಿಯಾದೆ. ಜಾಲಿ ಕಡಿದವರು ನಾವೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇವೆ. ನಿಜಕ್ಕೂ ಕಡಿದವಳು ಹುಲಿಗೆಮ್ಮ. ಗಾದಿಗನೂರಿನಿಂದ ದಿನಾ ಬಸ್ಸಿಗೆ ಬಂದು ನಮ್ಮ ಸಾಲಿನ ಐದು ಮನೆಗಳ ಪಾತ್ರೆ ತಿಕ್ಕುವ ಹೆಂಗಸು. ಅವಳು ಕಡಿದಳು, ನಾವು ಫೋಟೊ ತೆಗೆಸಿಕೊಂಡೆವು.

ಹೇಗೋ ಆರು ಕಲ್ಲುಬೆಂಚು ಬಂದವು. ಅವುಗಳ ಹಿಂದೆಯೇ ಒಂದು ಕೆಟ್ಟ ಸುದ್ದಿಯೂ ಬಂತು. ಕಸದ ಗಾಡಿಗಳನ್ನು ನಿಲ್ಲಿಸಲು ನಗರಸಭೆಗೆ ಊರಿನೊಳಗೆ ಜಾಗ ಬೇಕಾಗಿದೆಯಂತೆ, ನಮ್ಮ ಜಾಗದ ಮೇಲೂ ಕಣ್ಣಿದೆಯಂತೆ. ಶನಿವಾರ ಸಂಜೆ ಐದಕ್ಕೆ ಸಾಹೇಬರೊಬ್ಬರು ಬಂದು ನೋಡುತ್ತಾರೆ. ಜನ ಬಳಸುತ್ತಿದ್ದರೆ ಪಾರ್ಕು, ಇಲ್ಲವಾದರೆ ಕಸದ ಗಾಡಿ. ನನ್ನ ಮನೆಯ ಅಡುಗೆಮನೆ ಕಿಟಕಿ ನೇರವಾಗಿ ಆ ಜಾಗಕ್ಕೇ ತೆರೆಯುತ್ತದೆ. ಸಮಾಜಸೇವೆಯಲ್ಲಿ ನನಗೆ ಅಂಥ ಉತ್ಸಾಹ ಹಿಂದೆಂದೂ ಬಂದಿರಲಿಲ್ಲ. ಮನೆಮನೆಗೆ ಹೋಗಿ, ದಿನಾ ಸಂಜೆ ಬಂದು ಕೂರಿ, ಶನಿವಾರವಂತೂ ತಪ್ಪಿಸಬೇಡಿ ಎಂದು ಕೈಮುಗಿದು ಬಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬೇವಿನ ಮರದ ನೆರಳಿದ್ದದ್ದು ಒಂದೇ ಬೆಂಚಿಗೆ. ನಾನು ಕಂಪ್ಲಿಯಿಂದ ಬರುವಷ್ಟರಲ್ಲಿ ಅದು ಹೋಗಿರುತ್ತದೆ ಎಂಬ ಸಂಕಟಕ್ಕೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಅದರ ಮೇಲೆ ಟವಲು ಹಾಸಿ ಹೋದೆ. ಸಂಜೆ ಬಂದು ನೋಡಿದರೆ ಟವಲು ಕೆಂಪಾಗಿತ್ತು, ಬೆಂಚು ನನ್ನದಾಗಿತ್ತು. ಮಂಗಳವಾರ ಎದುರುಮನೆಯ ನಿವೃತ್ತ ಮೇಷ್ಟ್ರು ಪಕ್ಕದ ಬೆಂಚಿಗೆ ಒಂದು ಪಂಚೆ ಹಾಕಿದರು. ಬುಧವಾರ ದರ್ಜಿ ಖಾಸಿಂ ಅಂಗಡಿ ತೆರೆಯುವ ಮುನ್ನ ಅಳತೆಗೆ ಸರಿಯಾಗಿ ಕತ್ತರಿಸಿ ಅಂಚು ಹೊಲಿದ ಬಟ್ಟೆಯನ್ನೇ ತಂದು ಹಾಸಿದ. ಗುರುವಾರದ ಹೊತ್ತಿಗೆ ಆರೂ ಬೆಂಚು ಬೆಳಗಿನ ಏಳಕ್ಕೇ ಭರ್ತಿ. ಹೋಗುವ ಬರುವವರು ಗೇಟಿನ ಹತ್ತಿರ ನಿಂತು ನೋಡಿ, ಜಾಗವಿಲ್ಲ ಎಂದು ವಾಪಸಾಗುತ್ತಿದ್ದರು. ಟವಲು ಹಾಕಿದವರಿಗೂ ಅವಸರವಿರಲಿಲ್ಲ. ಸೀಟು ಎಲ್ಲಿಗೂ ಹೋಗುವುದಿಲ್ಲವೆಂದು ಮನೆಯಲ್ಲಿ ಎರಡನೆಯ ಸಲ ಚಹಾ ಕುಡಿಯುತ್ತ ಕೂರುತ್ತಿದ್ದರು.

ಶನಿವಾರ ನನ್ನ ಬಸ್ಸು ತಡವಾಯಿತು. ಇಳಿದವನೇ ಏದುಸಿರು ಬಿಡುತ್ತ ಗೇಟಿಗೆ ಬಂದು ನೋಡಿದೆ. ಆರು ಬೆಂಚು, ಆರು ಬಟ್ಟೆ, ಬೆಂಚಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ನಡುವೆ ಫೈಲು ಹಿಡಿದ ಸಾಹೇಬರು ಒಬ್ಬರೇ ನಿಂತಿದ್ದಾರೆ. ಬೇವಿನ ಮರದ ಕೆಳಗೆ, ನನ್ನ ಬೆಂಚಿಗೆ ಬೆನ್ನು ಆನಿಸಿ, ನೆಲದ ಮೇಲೆ ಹುಲಿಗೆಮ್ಮ ಕಾಲು ಚಾಚಿ ಕೂತಿದ್ದಾಳೆ.

ಪಾರ್ಕು ಕೈತಪ್ಪಿತು ಎಂದುಕೊಂಡೆ. ಅಡುಗೆಮನೆ ಕಿಟಕಿ ಕಣ್ಣಮುಂದೆ ಬಂತು. ಆದರೂ ಕಾರ್ಯದರ್ಶಿಯಲ್ಲವೇ, ಈ ಬಡಾವಣೆಯ ಜನಕ್ಕೆ ಪಾರ್ಕೆಂದರೆ ಪ್ರಾಣ ಎಂದು ಭಾಷಣ ಶುರುಮಾಡಿದೆ. ಸಾಹೇಬರು ಸುತ್ತ ನೋಡಿ, ಆ ಜನ ಎಲ್ಲಿದ್ದಾರೆ ಎಂದು ಕೇಳಿದರು. ನಾನು ನನ್ನ ಟವಲಿನ ಕಡೆ ನೋಡಿದೆ. ಹುಲಿಗೆಮ್ಮ ಕೂತಲ್ಲಿಂದಲೇ ಹೇಳಿದಳು: "ಟವಲ್ ಹಾಕ್ಯಾರಲ್ರಿ ಸಾಹೇಬ್ರ. ಎಲ್ಲ ಬೆಂಚೂ ತುಂಬ್ಯಾವ."

ಸಾಹೇಬರು ಬೆಂಚುಗಳನ್ನು ಈಗ ಸರಿಯಾಗಿ ನೋಡಿದರು. ನಿಂತು ಕಾಲು ನೋಯುತ್ತಿತ್ತೋ ಏನೋ, ಮೇಷ್ಟ್ರ ಪಂಚೆ ಸರಿಸಲು ಕೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು. ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಆಮೇಲೆ ತಿಳಿಯಿತು, ಅವರು ಸಂಡೂರಿನ ಹತ್ತಿರದ ವಡ್ಡು ಊರಿನವರು, ಓದಿದ್ದೆಲ್ಲ ಬಸ್ಸಿನಲ್ಲಿ ಓಡಾಡಿಯೇ ಅಂತೆ. ಪೆನ್ನು ತೆಗೆದು, ಬರೆಯುತ್ತಲೇ ಓದಿ ಹೇಳಿದರು: "ಆರು ಬೆಂಚು, ಆರೂ ಭರ್ತಿ. ಕುಂದ್ರಾಕ ಜಾಗ ಸಾಲವಲ್ದು. ಇನ್ನಾ ನಾಕು ಬೆಂಚು ಬೇಕು."

ನನಗೆ ಕುಣಿಯುವಂತಾಯಿತು. ಅಷ್ಟರಲ್ಲಿ ಅವರು ಹುಲಿಗೆಮ್ಮನ ಕಡೆ ತಿರುಗಿ, ನೀನು ಯಾಕಮ್ಮ ನೆಲದ ಮೇಲೆ ಕೂತಿದ್ದೀ ಎಂದು ಕೇಳಿದರು.

"ನನ್ನ ಕಡೆ ಟವಲ್ ಇಲ್ಲಲ್ರಿ," ಎಂದಳು ಹುಲಿಗೆಮ್ಮ.

ದೂರಿನ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. ವಾರವಿಡೀ ಅವಳು ಐದು ಮನೆಯ ಕೆಲಸ ಮುಗಿಸಿ, ಆರನೆಯ ಮನೆಗೆ ಹೋದಂತೆ ಆ ನೆಲಕ್ಕೆ ಬಂದು ಕೂತಿದ್ದು ಕಣ್ಣೆದುರೇ ಇದ್ದರೂ ನನಗೆ ಕಂಡಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ, ನಾನು ಕೂರುವ ಮೊದಲೇ ನನ್ನ ಟವಲನ್ನು ಎತ್ತಿ, ಬಾ ಕೂತುಕೋ ಎಂದೆ. ಅವಳು ಎದ್ದು ಬೆಂಚು ನೋಡಿ, ಭಾಳ ಧೂಳು ಎಂದಳು. ನನ್ನ ಕೈಯಿಂದ ಟವಲು ತೆಗೆದುಕೊಂಡು ಬೆಂಚನ್ನು ಚೆನ್ನಾಗಿ ಒರೆಸಿ, ಅದನ್ನು ವಾಪಸು ನನ್ನ ಹೆಗಲಿಗೆ ಹಾಕಿ ಕೂತಳು.

ಪಾರ್ಕು ಉಳಿಯಿತು. ಮರುದಿನವೇ ಸಮಿತಿ ಸೇರಿಸಿ, ಇನ್ನು ಮುಂದೆ ಇಲ್ಲಿ ಟವಲು ನಡೆಯುವುದಿಲ್ಲ, ಬಂದವರು ಕೂರಬೇಕು, ಜಾಗ ಕೇಳಿದವರಿಗೆ ಸರಿದು ಕೊಡಬೇಕು ಎಂದು ನಾನೇ ಗುಡುಗಿದೆ. ಖಾಸಿಂ ತನ್ನ ಹೊಲಿಗೆ ದಂಡವಾಯಿತೆಂದು ಗೊಣಗಿದ, ಆದರೂ ಒಪ್ಪಿದ. ಮನೆಗೆ ಬಂದು ಗಿರಿಜಾಳಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ, ಮುಖ್ಯವಾಗಿ ನಾನು ಸೀಟು ಬಿಟ್ಟುಕೊಟ್ಟ ಭಾಗವನ್ನು, ಎರಡು ಸಲ. ಬೆತ್ತದ ಕುರ್ಚಿಯಲ್ಲಿ ಕೂತೇ ಹೇಳಿದೆ. ಅವಳು ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿಸಿಕೊಂಡಳು. ಕುರ್ಚಿಯನ್ನೊಮ್ಮೆ ನೋಡಿ ಒಳಗೆ ಹೋದಳು. ಆಗಲೇ ನಾನು ಹೆದರಬೇಕಿತ್ತು.

ಸೋಮವಾರ ಸಂಜೆ ಕಂಪ್ಲಿಯಿಂದ ಬಂದಾಗ ಕುರ್ಚಿಯ ಮೇಲೆ ಒಂದು ಟವಲಿತ್ತು. ನೀಲಿ ಅಂಚಿನದು, ಹೊಸದು, ನಾಲ್ಕು ಮೂಲೆಯೂ ಸರಿಯಾಗಿ ಎಳೆದು ಹಾಸಿದ್ದು. ಇವತ್ತಿಗೆ ಮೂರನೆಯ ದಿನ. ಅದನ್ನು ತೆಗೆಯಲು ಎರಡು ಸಲ ಕೈ ಚಾಚಿದೆ, ವಡ್ಡಿನ ಸಾಹೇಬರ ಕೈ ನಿಂತಲ್ಲಿಗೇ ನನ್ನ ಕೈಯೂ ನಿಂತಿತು. ಟವಲು ನಡೆಯುವುದಿಲ್ಲ ಎಂದು ನಾನು ಮಾಡಿದ ನಿಯಮವೇನೋ ಇದೆ, ಆದರೆ ಅದು ಪಾರ್ಕಿಗೆ ಮಾತ್ರ, ಮನೆಗಲ್ಲ ಎಂದು ಗಿರಿಜಾ ಹೇಳಿದ್ದಾಳೆ. ಅವಳೂ ಅದರಲ್ಲಿ ಕೂತಿಲ್ಲ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಅವಳು ಬೇವಿನ ನೆರಳಿನಲ್ಲಿ ಹುಲಿಗೆಮ್ಮನ ಪಕ್ಕ ಕೂತು ನಗುತ್ತಿರುವುದು ಕಾಣುತ್ತದೆ. ಇಲ್ಲಿ ಟವಲಿಗೆ ಫ್ಯಾನು ಜೋರಾಗಿ ತಿರುಗುತ್ತಿದೆ. ನಾನು ಈ ಪ್ರಬಂಧವನ್ನು ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ನಿಂತುಕೊಂಡೇ ಬರೆದು ಮುಗಿಸಿದ್ದೇನೆ.