ಗುಡೇಕೋಟೆ ದಾರಿಯಲ್ಲಿ ಅಲ್ಲಾಡದ ನಟ್ಟಿನ ಕುರಿತು

ಗಜಮುಷ್ಟಿ ಪವರ್ ಟೂಲ್ಸ್ ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಹಿರಿಯರಿಗೆ, ಕೊಟ್ಟೂರಿನ ಸುಮಲತಾ ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ಕ್ಷೇಮವೆಂದೂ, ತಮ್ಮ ಗೋದಾಮಿನ ಸಮಸ್ತ ಬ್ಯಾಟರಿಗಳು ತುಂಬು ಚಾರ್ಜಿನಲ್ಲಿವೆಯೆಂದೂ ನಂಬಿದ್ದೇನೆ. ಇತ್ತ ನಾನೂ ನನ್ನ ಪಾಲುದಾರಳಾದ ರೋಶನಬಿಯೂ ಕ್ಷೇಮ. ನಮ್ಮ ಹಳೆಯ ವ್ಯಾನಿನ ಹಿಂಬದಿ ಚಕ್ರವಂತೂ, ತಮ್ಮ ಯಂತ್ರದಿಂದ ಕಿಂಚಿತ್ತೂ ತೊಂದರೆಗೊಳಗಾಗದೆ, ಪರಮ ಕ್ಷೇಮ.

ನಾವಿಬ್ಬರೂ ಸಮಾರಂಭಗಳಿಗೆ ಅಡುಗೆ ಮಾಡಿ, ಕೂಡ್ಲಿಗಿಯಾಗಲಿ ಹರಪನಹಳ್ಳಿಯಾಗಲಿ, ಕರೆದಲ್ಲಿಗೆ ನಮ್ಮದೇ ವ್ಯಾನಿನಲ್ಲಿ ಒಯ್ದು ಬಡಿಸುವವರು. ಓಡಿಸುವವಳು ನಾನು, ಸಣ್ಣಪುಟ್ಟ ರಿಪೇರಿಯೂ ನನ್ನದೇ. ಆಯಿಲ್ ಬದಲಿಸಬಲ್ಲೆ, ಪ್ಲಗ್ ಒರೆಸಬಲ್ಲೆ. ಆದರೆ ಪಂಕ್ಚರ್ ಅಂಗಡಿಯವರು ಗಾಳಿಯಂತ್ರದಿಂದ ಬಿಗಿದು ಕಳಿಸುವ ಚಕ್ರದ ನಟ್ಟುಗಳು ಮಾತ್ರ ನನ್ನ ಕೈಗೆ ಬಗ್ಗುವುದಿಲ್ಲ. ರಸ್ತೆಬದಿಯಲ್ಲಿ ಸ್ಪ್ಯಾನರ್ ಹಿಡಿದು ಕೂತರೆ ಹೋಗುವ ಬೈಕುಗಳೆಲ್ಲ ನಿಲ್ಲುತ್ತವೆ. ಒಬ್ಬರೂ ನಟ್ಟಿಗೆ ಕೈ ಹಾಕದೆ, ಹೆಂಗಸರಿಗೆ ವ್ಯಾನ್ ಯಾಕೆ ಬೇಕು ಎಂಬ ವಿಚಾರ ಸಂಕಿರಣ ನಡೆಸಿ ಹೋಗುತ್ತಾರೆ. ಈ ವಿದ್ವಾಂಸರಿಂದ ಬಿಡುಗಡೆ ಪಡೆಯಲೆಂದೇ, ವೈರ್ ಇಲ್ಲದೆ ಬ್ಯಾಟರಿಯಿಂದ ನಟ್ಟು ಬಿಚ್ಚುವ ಗನ್ನೊಂದನ್ನು ಕೊಳ್ಳಲು ತೀರ್ಮಾನಿಸಿದೆವು.

ಆರಿಸುವುದು ಇಷ್ಟು ಗಹನವಾದ ವಿದ್ಯೆಯೆಂದು ನನಗೆ ತಿಳಿದಿರಲಿಲ್ಲ. ವೋಲ್ಟ್ ಎಷ್ಟು, ತಿರುಚುವ ಬಲ ಎಷ್ಟು, ಒಳಗಿನ ಮೋಟರಿಗೆ ಬ್ರಷ್ ಇದೆಯೋ ಇಲ್ಲವೋ ಎಂದು ಮೊಬೈಲಿನಲ್ಲಿ ತಡಕಾಡುತ್ತಿದ್ದಾಗ ತಮ್ಮ ಜಾಹೀರಾತು ಬಂತು. ಬಳೆ ತೊಟ್ಟ ಹುಡುಗಿಯೊಬ್ಬಳು ಒಂದೇ ಬೆರಳಿನಿಂದ ಲಾರಿಯ ಚಕ್ರ ಬಿಚ್ಚಿ, ಕೂದಲು ಹಾರಿಸಿ ನಕ್ಕಳು. ನನ್ನ ಮನೆಯವರಾದ ಪ್ರವೀಣಕುಮಾರ್, "ಇದನ್ನ ತಗೊಂಬಿಡು. ಲಾರಿ ಗಾಲಿನೇ ಬಿಚ್ಚತೈತಿ, ನಿನ್ನ ವ್ಯಾನ್ ಯಾವ ಲೆಕ್ಕ?" ಎಂದರು. ರೋಶನಬಿ ಮಾತ್ರ, "ಬ್ಯಾಟರಿ ಭಾಳ ಸಣ್ಣದೈತಲ್ಲಕ್ಕಾ" ಎಂದು ಅನುಮಾನಿಸಿದಳು. ನಾನು ಡಬ್ಬಿಯ ಮೇಲೆ ಬರೆದ ಬಲದ ಅಂಕಿಯನ್ನು ನೋಡಿದೆನೇ ಹೊರತು ಬ್ಯಾಟರಿಯನ್ನು ನೋಡಲಿಲ್ಲ. ಆ ಬಲ ಬೇಕೆಂದರೆ, ಬೇರೆಯಾಗಿ ಮಾರುವ ದೊಡ್ಡ ಬ್ಯಾಟರಿ ಹಾಕಬೇಕೆಂಬ ಸತ್ಯವನ್ನು ಡಬ್ಬಿಯ ತಳದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ ತಮ್ಮ ವಿನಯವನ್ನು ಯಾವ ಬಾಯಿಂದ ಹೊಗಳಲಿ! ನಮ್ಮ ಮನೆಯಲ್ಲಿದ್ದ ತಮ್ಮದೇ ಡ್ರಿಲ್ಲಿನ ಬ್ಯಾಟರಿಯೂ ಇದಕ್ಕೆ ಕೂರಲಿಲ್ಲ. ಒಂದೇ ಮನೆತನ, ಒಂದೇ ಬಣ್ಣ, ಆದರೂ ಸಂಬಂಧ ಕೂಡಿಬರಲಿಲ್ಲ. ಹಾಗಿದ್ದೂ ನಾನೇ ಕೈಯಿಂದ ಬಿಗಿದ ನಟ್ಟೊಂದನ್ನು ಮನೆಯಂಗಳದಲ್ಲಿ ಅದು ಸಲೀಸಾಗಿ ಬಿಚ್ಚಿದ್ದರಿಂದ, ನಂಬಿ ವ್ಯಾನಿಗೆ ಹಾಕಿಕೊಂಡೆ.

ಗುಡೇಕೋಟೆಯಲ್ಲಿ ಹೆಡ್‌ಮಾಸ್ಟರ್ ಪಂಚಾಕ್ಷರಪ್ಪನವರ ನಿವೃತ್ತಿ ಸಮಾರಂಭ. ಆ ಭಾಗದಲ್ಲಿ ನಮಗೆ ಸಿಕ್ಕ ಮೊದಲ ಆರ್ಡರ್. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ತುಂಬಿಕೊಂಡು ಕೂಡ್ಲಿಗಿ ದಾಟಿ ಹೋಗುತ್ತಿದ್ದಾಗ, ಗುಡ್ಡಗಳ ನಡುವೆ ಚಕ್ರ ಉಸ್ಸೆಂದಿತು. ನಾನು ಹಬ್ಬದ ಉತ್ಸಾಹದಲ್ಲಿ ಇಳಿದು ಗನ್ ಹಿಡಿದೆ. ಅದು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು ಮಾಡಿತು, ಮೂತಿಯಲ್ಲಿ ದೀಪ ಹೊತ್ತಿಸಿ ನಟ್ಟನ್ನು ಚೆಂದಾಗಿ ತೋರಿಸಿತು, ಬಿಸಿಯಾಯಿತು, ನಿಂತಿತು. ನಟ್ಟು ಇದ್ದಲ್ಲೇ ಇತ್ತು.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. "ತಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಮೇಡಂ. ದಯವಿಟ್ಟು ಉಪಕರಣವನ್ನು ಹತ್ತಿರದ ಪ್ಲಗ್ ಪಾಯಿಂಟಿಗೆ ಹಾಕಿ ಚಾರ್ಜ್ ಮಾಡಿ" ಎಂದು ಜೇನಿನಂಥ ದನಿಯೊಂದು ಹೇಳಿತು. ನನ್ನ ಹತ್ತಿರದಲ್ಲಿ ಬಂಡೆಗಳಿದ್ದವು, ಜಾಲಿ ಗಿಡಗಳಿದ್ದವು, ಕುರಿ ಮೇಯಿಸುವ ಅಜ್ಜನೊಬ್ಬನಿದ್ದ. ಇವರಲ್ಲಿ ಯಾರ ಮೈಮೇಲೂ ಪ್ಲಗ್ ಪಾಯಿಂಟ್ ಇರಲಿಲ್ಲ.

ಅಷ್ಟರಲ್ಲಿ ಸಮಾರಂಭದ ಉಸ್ತುವಾರಿ ಹೊತ್ತಿದ್ದ ಬೀರಲಿಂಗೇಶನ ಫೋನ್ ಬಂತು. "ಎಲ್ಲಿ ಅದೀರಕ್ಕಾ? ಭಾಷಣ ಮಾಡೋರೆಲ್ಲಾ ಮುಗಿದ್ರು, ಈಗ ಮಾಡಿದವ್ರೇ ಮತ್ತ ಮಾಡಾಕ ಹತ್ಯಾರ. ಸರ್‌ಗೆ ಸಕ್ಕರಿ ಕಾಯಿಲಿ ಐತಿ, ಲಗೂನ ಬರ್ರಿ" ಎಂದ. ತಡವಾಗಿ ಬೈಸಿಕೊಳ್ಳುವುದು ಬೇರೆ, ಹಿರಿಯರೊಬ್ಬರನ್ನು ಉಪವಾಸ ಕೂರಿಸುವುದು ಬೇರೆ.

"ಸರೀರಿ ಅತ್ಲಾಗ" ಎಂದಳು ರೋಶನಬಿ. ಚಪ್ಪಲಿ ಕಳಚಿ, ಹಳೆಯ ಸ್ಪ್ಯಾನರನ್ನು ನಟ್ಟಿಗೆ ಸಿಕ್ಕಿಸಿ, ವ್ಯಾನಿನ ಕ್ಯಾರಿಯರ್ ಹಿಡಿದು, ಸ್ಪ್ಯಾನರಿನ ಹಿಡಿಕೆಯ ಮೇಲೆ ಹತ್ತಿ ನಿಂತು ಕುಪ್ಪಳಿಸಿದಳು. ನಟ್ಟು ಕಿರ್ರೆಂದಿತು. "ಬಂತಕ್ಕಾ!" ಎಂದು ಕೂಗಿದಳು. ಕೊನೆಯ ನಟ್ಟಿಗೆ ಸ್ಪ್ಯಾನರ್ ಜಾರಿ ಅವಳ ಮೊಣಕಾಲ ಕೆಳಗೆ ಚರ್ಮ ಸುಲಿಯಿತು. ಅವಳು ಅದನ್ನು ನೋಡಿಕೊಳ್ಳದೆ ಸ್ಟೆಪ್ನಿ ಉರುಳಿಸಿ ತಂದಳು.

ನಾವು ಶಾಲೆ ಮುಟ್ಟಿದಾಗ ಮೇಷ್ಟ್ರು, ಕೊರಳಿನ ಹಾರ ತೆಗೆಯದೆ, ಬೆವರಿ ಬೆಂಚಿನ ಮೇಲೆ ಮಲಗಿದ್ದರು. ಯಾರೋ ಬಾಯಿಗೆ ಬಿಸ್ಕತ್ತು ಹಾಕುತ್ತಿದ್ದರು. ರೋಶನಬಿ ಕುಂಟುತ್ತಾ ಹೋಗಿ, ಅನ್ನಕ್ಕೆ ಸಾರು ಕಲಸಿ ಮುಂದಿಟ್ಟಳು. ಮೇಷ್ಟ್ರು ಎದ್ದು ಕೂತು ನಾಲ್ಕು ತುತ್ತು ಉಂಡ ಮೇಲೆ, "ಹಸಿವಿಗಿಂತ ಭಾಷಣಗಳೇ ಹೆಚ್ಚು ಸುಸ್ತು ಮಾಡಿದ್ವು, ತಂಗಿ" ಎಂದರು. ಎಲ್ಲರೂ ನಕ್ಕರು. ಬೀರಲಿಂಗೇಶ್ ನಗಲಿಲ್ಲ. ನಮಗೆ ಬರಬೇಕಿದ್ದ ಅವನ ತಮ್ಮನ ಮನೆಯ ಗೃಹಪ್ರವೇಶದ ಊಟ ಮರುವಾರವೇ ಹಡಗಲಿಯ ಅಡುಗೆಯವರ ಪಾಲಾಯಿತು. ಆ ದಿನ ಮರಳುವಾಗ ರೋಶನಬಿ ದಾರಿಯುದ್ದಕ್ಕೂ ಮೊಣಕಾಲ ಕೆಳಗಿನ ಗಾಯಕ್ಕೆ ಅರಿಶಿನ ಒತ್ತಿಕೊಂಡು ಕೂತಿದ್ದಳು.

ಆದ್ದರಿಂದ ತಮ್ಮಲ್ಲಿ ಕೆಲವು ಅಲ್ಪ ಪ್ರಾರ್ಥನೆಗಳು. ಇನ್ನು ಮುಂದೆ ಟೈರುಗಳು ಪ್ಲಗ್ ಪಾಯಿಂಟಿನ ಪಕ್ಕದಲ್ಲೇ ಪಂಕ್ಚರ್ ಆಗತಕ್ಕದ್ದೆಂದು ಆದೇಶ ಹೊರಡಿಸಬೇಕು. ಅದು ಕಷ್ಟವಾದರೆ, ಜಾಹೀರಾತಿನ ಆ ಹುಡುಗಿಯನ್ನು ಬೆರಳಿನ ಸಮೇತ ನಮ್ಮ ವ್ಯಾನಿನಲ್ಲಿ ಕಾಯಂ ಆಗಿ ಕೂರಿಸಬೇಕು, ಊಟ ನಮ್ಮದು. ಇದಾವುದೂ ಆಗದಿದ್ದರೆ, ಬ್ಯಾಟರಿ ಬೇರೆ ಕೊಳ್ಳಬೇಕೆಂಬುದನ್ನು ಲಾರಿಯ ಚಿತ್ರದಷ್ಟೇ ದೊಡ್ಡದಾಗಿ ಡಬ್ಬಿಯ ಮೇಲೆ ಬರೆಸಬೇಕು.

ತಮ್ಮ ಯಂತ್ರ ನಿರುಪಯೋಗಿ ಎಂದು ಮಾತ್ರ ನಾನು ಹೇಳಲಾರೆ. ಅದರ ಮೂತಿಗೆ ಕಡಗೋಲನ್ನು ಸಿಕ್ಕಿಸಿದ್ದೇವೆ, ಮಜ್ಜಿಗೆಯನ್ನು ಸೊಗಸಾಗಿ ಕಡೆಯುತ್ತಿದೆ. ಲಾರಿಯ ಬದಲು ಮೊಸರಿನ ಗಡಿಗೆಯ ಚಿತ್ರ ಹಾಕಿಸಿದರೆ ತಮ್ಮ ಜಾಹೀರಾತು ಪ್ರಾಮಾಣಿಕವೂ ಆದೀತು.

ಇಂತಿ,
ಇನ್ನೂ ಪೂರ್ತಿ ಚಾರ್ಜ್ ಆಗದ
ತಮ್ಮ ವಿಶ್ವಾಸಿ,
ಸುಮಲತಾ, ಕೊಟ್ಟೂರು

ತಾ.ಕ.: ಹಣ ವಾಪಸು ಬೇಕಾದರೆ ಯಂತ್ರವನ್ನು ಮೂಲ ಡಬ್ಬಿಯಲ್ಲೇ ಇಟ್ಟು ಕಳಿಸಬೇಕೆಂದು ತಿಳಿಸಿದ್ದೀರಿ. ಆ ಡಬ್ಬಿಯಲ್ಲಿ ಸದ್ಯ ನಮ್ಮತ್ತೆ ಗಾಳೆಮ್ಮನವರ ಕೋಳಿ ಕಾವಿಗೆ ಕೂತಿದೆ. ಎಬ್ಬಿಸಲು ಹೋದವರನ್ನೆಲ್ಲ ಕುಕ್ಕುತ್ತಿದೆ. ತಮ್ಮ ಪ್ರತಿನಿಧಿಯನ್ನು ಕಳಿಸಿದರೆ ನೇರವಾಗಿ ಅದರೊಂದಿಗೇ ಮಾತುಕತೆ ನಡೆಸಬಹುದು. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳದಿರುವುದು ಹೇಗೆಂದು ತಮ್ಮವರಿಗೆ ಪುಕ್ಕಟೆ ತರಬೇತಿಯೂ ಆದೀತು.