ನೀಲವ್ವನಿಗೆ ನಾನು ಗಂಟುಹಾಕಿದ ಗಂಡ

ಸುಳ್ಳು ಹೇಳುವುದು ಬೇರೆ, ಇದ್ದದ್ದನ್ನು ಸ್ವಲ್ಪ ಹಿಗ್ಗಿಸಿ ಹೇಳುವುದು ಬೇರೆ ಎಂದು ನಂಬಿ ಬದುಕುವ ಜನರಲ್ಲಿ ನಾನೂ ಒಬ್ಬಳು. ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ನಾಯಿ ನನ್ನನ್ನು ನೋಡಿ ಬೊಗಳಿದರೆ, ನಾನು ಕಾಲೇಜು ಮುಟ್ಟುವ ಹೊತ್ತಿಗೆ ಅದು ಒಂದು ಹಿಂಡಾಗಿರುತ್ತದೆ, ಅದರಲ್ಲೊಂದಕ್ಕೆ ಹುಚ್ಚೂ ಹಿಡಿದಿರುತ್ತದೆ. ಇಂಥವಳ ಅವ್ವ ವಿಚ್ಛೇದನದ ವಕೀಲೆ. ಗಂಡ-ಹೆಂಡಿರ ಜಗಳದಂಥ ಬಂಗಾರದ ಗಣಿ ಮನೆಯಲ್ಲೇ ಇದೆ, ಆದರೆ ಅವ್ವ ಅದರಿಂದ ಒಂದು ಗುಂಜಿಯನ್ನೂ ಹೆಚ್ಚಿಗೆ ತೆಗೆಯುವವಳಲ್ಲ. ಅರ್ಜಿ ಬರೆದ ಮೇಲೆ ಅದನ್ನು ಕಕ್ಷಿದಾರರ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸುತ್ತಾಳೆ. 'ಇದನ್ನ ನಿನ್ನ ಗಂಡನ ಮುಖಾ ನೋಡಿ ಹೇಳ್ತೀಯೇನವಾ?' ಎನ್ನುತ್ತಾಳೆ. ಅವರು ತಡವರಿಸಿದ ಸಾಲಿನ ಮೇಲೆ ಕೆಂಪು ಗೆರೆ. ಬೇರೆ ವಕೀಲರ ಅರ್ಜಿಗಳು ದೀಪಾವಳಿ ವಿಶೇಷಾಂಕದಷ್ಟು ದಪ್ಪವಿದ್ದರೆ, ನಮ್ಮಲ್ಲಿಯವು ಲಗ್ನಪತ್ರಿಕೆಯಷ್ಟು.

ಈ ಸಲದ ಕಾಲೇಜು ಸೂಟಿಯಲ್ಲಿ ಅವ್ವನ ಟೈಪಿಸ್ಟ್ ರಜೆ ಹಾಕಿ ಹೋದಳು, ತನ್ನದೇ ಮದುವೆಗೆ. ವರ್ಷವಿಡೀ ಇಂಥ ಕಥೆಗಳನ್ನೇ ಟೈಪ್ ಮಾಡಿದವಳ ಧೈರ್ಯ ಮೆಚ್ಚಬೇಕು. ನಮ್ಮ ಮನೆಯ ಮುಂದಿನ ಕೋಣೆಯೇ ಅವ್ವನ ಆಫೀಸು; ಅಲ್ಲಿಯ ಆ ಕುರ್ಚಿಗೆ ನಾನು ಬಂದೆ. ಮೊದಲು ಸಿಕ್ಕದ್ದೇ ನೀಲವ್ವನ ಅರ್ಜಿ. ಆಕೆಯ ತವರು ಶಿರಹಟ್ಟಿ, ಗಂಡನ ಮನೆ ಮುಂಡರಗಿ. ಅವ್ವ ಗೀಚಿಟ್ಟದ್ದು ಇಷ್ಟೇ: ಗಂಡ ನಾಲ್ಕು ವರ್ಷದಿಂದ ಈಕೆಯ ಜೊತೆ ಮಾತನಾಡಿಲ್ಲ. ಇದೂ ಒಂದು ದೂರೇ? ನಮ್ಮ ಅಪ್ಪನೂ ಅವ್ವನೆದುರು ಮಾತಾಡಿದ್ದು ಅಷ್ಟಕ್ಕಷ್ಟೇ. ನೀಲವ್ವನ ಅಣ್ಣ ಫಕ್ಕೀರಪ್ಪನಿಗೂ ಇದೇ ಸಂಶಯ. ಅವ್ವ ಕೋರ್ಟಿಗೆ ಹೋದಾಗ ಮೆಲ್ಲಗೆ ಬಂದು, 'ತಂಗೀ, ಬರೇ ಮಾತಾಡಂಗಿಲ್ಲ ಅಂದ್ರ ಜಡ್ಜ್ ಸಾಹೇಬ್ರು ಪುಣ್ಯಾ ಮಾಡೀದಿ ಹೋಗವಾ ಅಂತಾರ. ಒಂಚೂರು ಖಾರ ಹಾಕು' ಎಂದ. ಖಾರ ಹಾಕು ಎಂದರೆ ಚೀಲವನ್ನೇ ಬೋರಲು ಹಾಕುವ ಜಾತಿ ನನ್ನದು.

ಮರುದಿನ ಅಣ್ಣ-ತಂಗಿ ಇಬ್ಬರೂ ಬಂದರು. ನಾನು ಟೈಪ್ ಮಾಡಿದ ಹಾಳೆಗಳನ್ನು ಅವ್ವ ನೀಲವ್ವನ ಕೈಗಿಟ್ಟಳು. ಚಪ್ಪಾಳೆ ಬಿದ್ದರೆ ಕೇಳಿಸಲೆಂದು ನಾನು ಬಾಗಿಲಿಗೇ ಆತು ನಿಂತೆ. ನೀಲವ್ವ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು: 'ಸದರಿ ಪತಿಯು ಮೀಸೆ ತಿರುವುತ್ತ ಮನೆಗೆ ಬಂದು, ಏನು ಅಡುಗೆ ಮಾಡಿದ್ದೀಯೆ ಎಂದು ಸಿಂಹದಂತೆ ಗರ್ಜಿಸಿ, ರೊಟ್ಟಿ-ಜುಣಕದ ತಾಟನ್ನು ಗೋಡೆಗೆ ಅಪ್ಪಳಿಸುತ್ತಿದ್ದನು.' ಬೆರಳು ನಿಂತಿತು.

'ಅಕ್ಕಾರ, ಇವ ಯಾರ್ರೀ?'

'ನಿನ್ನ ಗಂಡ ಅಂತವಾ' ಎಂದು ಅವ್ವ ನನ್ನ ಕಡೆ ನೋಡಿದಳು.

'ಅಲ್ಲ ಬಿಡ್ರಿ. ಇವ ಏನ ಅಡಗಿ ಮಾಡೀದಿ ಅಂತ ಕೇಳ್ತಾನ್ರಿ. ನಮ್ಮವರು ಅಷ್ಟು ಕೇಳಿದ್ರ ನಾ ಯಾಕ ಇಲ್ಲಿತನಕಾ ಬರ್ತಿದ್ದೆ? ಬೈಲಿ ಅಂತ ಒಮ್ಮೆ ಉಪ್ಪ ಹಾಕದನ ಸಾರು ಬಡಸೀನ್ರಿ. ಸುಮ್ನ ಉಂಡು, ಕೈ ತೊಳಕೊಂಡು ಎದ್ದು ಹೋದ್ರು.'

ನಾನು ಕಷ್ಟಪಟ್ಟು ಕಟ್ಟಿದ ರಾಕ್ಷಸ ಆಕೆಯ ಗಂಡನಿಗಿಂತ ಒಳ್ಳೆಯವನಾಗಿಬಿಟ್ಟಿದ್ದ. ಫಕ್ಕೀರಪ್ಪನೇ ಹೇಳಿಕೊಟ್ಟಿದ್ದು ಎನ್ನೋಣವೆಂದರೆ, ಆತ ಹೇಳಿದ್ದು ಖಾರ ಮಾತ್ರ. ಮೀಸೆ, ಸಿಂಹ, ಜುಣಕ ಎಲ್ಲ ನನ್ನವೇ. ಆತನೂ ನೆಲ ನೋಡುತ್ತಲೇ ಕೇಳಿದ: 'ಬರೇ ಖರೆ ಬರದ್ರ ಈಕಿಗೆ ಬಿಡುಗಡಿ ಸಿಗತೈತೇನ್ರಿ?'

'ಬಡದಾಡೂಣು. ಅದು ನನ್ನ ಕೆಲಸ. ಆದ್ರ ನಾಳಿ ಅವರ ವಕೀಲರು, ತಾಟು ಯಾವ ಗ್ವಾಡಿಗೆ ಬಡೀತು ಅಂದ್ರ ಈಕಿ ಏನ ಹೇಳಬೇಕು? ಒಂದ ಸುಳ್ಳು ಕೈಗೆ ಸಿಕ್ರ ಸಾಕು, ಆ ಉಪ್ಪಿಲ್ಲದ ಸಾರನ್ನೂ ಯಾರೂ ನಂಬಂಗಿಲ್ಲ' ಎಂದಳು ಅವ್ವ. ನಂತರ ಕೆಂಪು ಪೆನ್ನು ತೆಗೆದಳು. ಮೂರನೆಯ ಹಾಳೆ ದಾಟುವಷ್ಟರಲ್ಲಿ ನನ್ನ ಸಾಹಿತ್ಯದಲ್ಲಿ ಉಳಿದದ್ದು ಮುಂಡರಗಿ ಎಂಬ ಊರಿನ ಹೆಸರೊಂದೇ. ಅದನ್ನೂ ನಾನು ಸೃಷ್ಟಿಸಿದ್ದೇನೂ ಅಲ್ಲ. ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನೇ ಹಿಗ್ಗಿಸಿ ಗೆಳತಿಯರಿಗೆ ಹೇಳಿ ಹಗುರಾಗುತ್ತಿದ್ದೆ. 'ಕುಂಡ್ರು. ಆಕಿ ಹೇಳಿದಂಗ ಬರಿ' ಎಂದಳು, ಅಷ್ಟೇ. ನೀಲವ್ವ ಸಾರಿನ ಮಾತು ಮತ್ತೆ ಹೇಳಿದಳು, ನಾನು ಬರೆದೆ. 'ಕಣ್ಣೀರಿಡುತ್ತ' ಎಂದು ಸೇರಿಸಲು ಬೆರಳು ತುರಿಸಿತು. ತಲೆ ಎತ್ತಿ ನೋಡಿದರೆ ಆಕೆಯ ಕಣ್ಣು ಒಣಗಿಯೇ ಇತ್ತು. ಸೇರಿಸಲಿಲ್ಲ.

ಆಕೆ ಸಹಿ ಮಾಡಿ ಎದ್ದಾಗ, 'ತಪ್ಪಾತ್ರಿ ಅಕ್ಕಾ' ಎಂದೆ.

'ಇರಲಿ ಬಿಡ ತಂಗೀ, ಚಂದ ಬರದೀದಿ' ಎಂದು ನೀಲವ್ವ ನನ್ನ ಗಲ್ಲ ಮುಟ್ಟಿದಳು. 'ಆದ್ರ ಇದ್ದ ಒಬ್ಬ ಗಂಡನ್ನ ಬಿಡಾಕನ ನಾ ಇಷ್ಟು ಒದ್ದಾಡಾಕತ್ತೀನಿ, ನೀ ಮ್ಯಾಲೊಬ್ಬನ್ನ ಯಾಕ ಗಂಟ ಹಾಕ್ತಿ?'

ಫಕ್ಕೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವನೂ ನಕ್ಕಳು. ನಾನು ಬರೆದದ್ದಕ್ಕೆ ಕೋಣೆ ತುಂಬ ಜನ ನಗಬೇಕೆಂದು ಎಷ್ಟು ದಿನದಿಂದ ಆಸೆಪಟ್ಟಿದ್ದೆನೋ! ಚಹಾ ಸೋಸಿ ತರುತ್ತೇನೆಂದು ಹೇಳಿ ಅಡುಗೆಮನೆಗೆ ಓಡಿದೆ. ಸೋಸುವುದಕ್ಕೆ ಒಲೆಯ ಮೇಲೆ ಚಹಾ ಇರಲೇ ಇಲ್ಲ.