ಹೆಬ್ಬೆಟ್ಟಿನ ಜಡ್ಡು

ಮೈಸೂರಿನಿಂದ ತಂದ ವಿಡಿಯೋ ಗೇಮು ಚಿನಕುರಳಿಯ ಲೋಕೇಶನನ್ನು ತಿಂಗಳುಗಟ್ಟಲೆಯಿಂದ ದಿನವೂ ಕೊಲ್ಲುತ್ತಿತ್ತು. ಹಳ್ಳಕ್ಕೆ ಬಿದ್ದರೂ ಸಾವು, ಬಾವಲಿ ತಗುಲಿದರೂ ಸಾವು. ಜೀವಗಳೆಲ್ಲ ಮುಗಿದರೆ ಮತ್ತೆ ಮೊದಲಿಂದ. ಇಷ್ಟು ಮರ್ಯಾದೆ ಹೋದ ಮೇಲೂ ಅವನು ಅದನ್ನು ಬಿಡಲಿಲ್ಲ. ಛಲವಂತ ಎನ್ನಬೇಕೋ, ಮಾನಗೇಡಿ ಎನ್ನಬೇಕೋ ನೀವೇ ಹೇಳಿ.

ಆವತ್ತು ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ. ವಯಸ್ಸು ಮೀರುತ್ತಿದ್ದ ಲೋಕೇಶನಿಗೆ ಈ ಸಂಬಂಧವೂ ತಪ್ಪಿದರೆ ಮದುವೆಯ ಆಸೆಯನ್ನೇ ಬಿಡಬೇಕಿತ್ತು. ಹುಡುಗಿ ಶ್ವೇತಳ ಫೋಟೋ ಅವನಿಗೆ ಬಹಳ ಹಿಡಿಸಿಯೂ ಇತ್ತು. ಆದರೇನು, ಅದೇ ದಿನ ಅವನು ಆಟದ ಕೊನೆಯ ಕೋಟೆಗೆ ಮೊದಲ ಸಲ ಕಾಲಿಟ್ಟಿದ್ದ, ಉಳಿದಿದ್ದು ಒಂದೇ ಜೀವ.

"ಬಂದ್ಬುಟ್ರು ಕಣ್ಲಾ, ಆರ್ಸ್ಲಾ ಅದ್ನ!" ಅವ್ವ ಯಶೋದಮ್ಮ ಬಾಗಿಲಿಂದ ಕೂಗಿದರು.

"ಆರ್ಸುದ್ರೆ ಎಲ್ಲಾ ಓಯ್ತದೆ ಕಣವ್ವ!"

ಲೋಕೇಶ ಆಟವನ್ನು ಆರಿಸದೆ ಹಾಗೇ ತಡೆದು ನಿಲ್ಲಿಸಿ, ಟೀವಿಗೆ ಕಂಬಳಿ ಹೊದಿಸಿ ಹಜಾರಕ್ಕೆ ಓಡಿದ.

ಹುಡುಗಿಯ ಅಪ್ಪ ಚೌಡಯ್ಯ ಕೊಟ್ಟಿಗೆ, ಪಂಪ್‌ಸೆಟ್ಟು, ಕಬ್ಬಿನ ಗದ್ದೆ ಎಲ್ಲ ನೋಡಿ ತಲೆದೂಗಿದರು. ಆಮೇಲೆ ಹುಡುಗನ ಕೈ ಹಿಡಿದು ತಿರುಗಿಸಿದರು. ಹೆಬ್ಬೆಟ್ಟಿನ ತುದಿ ಜಡ್ಡುಗಟ್ಟಿತ್ತು.

ಕರೆಯದೆ ಬಂದು ಎರಡನೇ ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದ ಪಕ್ಕದ ಮನೆಯ ತಮ್ಮಯ್ಯ ಬಾಯಿ ಹಾಕಿದ: "ಗುದ್ಲಿ ಇಡ್ದೂ ಇಡ್ದೂ ಅಂಗಾಗೈತೆ ಯಜಮಾನ್ರೇ. ಒತ್ತುಟ್ಟುದ್ರೆ ಗದ್ದೇಲೇ ಇರ್ತಾನೆ."

ಲೋಕೇಶ ಗದ್ದೆಯ ಮುಖ ನೋಡಿ ಯಾವ ಕಾಲವಾಗಿತ್ತೋ.

"ಗುದ್ಲಿ ಜಡ್ಡು ಅಂಗೈಲಿ ಬರ್ತದೆ. ಇದು ಗುಂಡಿ ಒತ್ತಿರೋ ಜಡ್ಡು" ಎಂದ ಚೌಡಯ್ಯ ತಮ್ಮ ಹೆಬ್ಬೆಟ್ಟನ್ನೂ ಚಾಚಿದರು. ಅದೇ ಜಾಗ, ಅದೇ ಜಡ್ಡು.

ಲೋಕೇಶನಿಗೆ ಖುಷಿ ತಡೆಯಲಾಗಲಿಲ್ಲ. "ನೀವೂನಾ ಮಾವ? ನಾನು ಕೊನೇ ಕೋಟೆಗೆ ಓಗಿವ್ನಿ!" ಎಂದು ಅವರನ್ನು ಒಳಗೆ ಎಳೆದೊಯ್ದು ಕಂಬಳಿ ಕಿತ್ತೆಸೆದ.

ಚೌಡಯ್ಯ ಪರದೆಯನ್ನು ಕಣ್ತುಂಬ ನೋಡಿ ನಿಟ್ಟುಸಿರು ಬಿಟ್ಟರು. "ನಾನು ಇದ್ರ ಮುಂದೆ ಕುಂತ್ಬುಟ್ರೆ ದನಕ್ಕೆ ಉಲ್ಲಾಕಾದು, ಆಲು ಕರ್ದು ಡೈರಿಗಾಕಾದು ಎಲ್ಲಾ ನನ್ ಮಗ್ಳೇ ಕಣಪ್ಪ. ಒರಡೋವಾಗ ಒಂದೇ ಮಾತೇಳುದ್ಲು: 'ಗದ್ದೆ ನೋಡ್ಬ್ಯಾಡ ಅಪ್ಪಯ್ಯ, ಎಬ್ಬೆಟ್ಟು ನೋಡು. ನಿನ್ನಂಗೇ ಇದ್ರೆ ಬ್ಯಾಡ ಅಂದ್ಬುಟ್ಟು ಬಾ.'"

ಹಿಂದೆಯೇ ಬಂದಿದ್ದ ಯಶೋದಮ್ಮ ಹಣೆ ಚಚ್ಚಿಕೊಂಡರು.

"ಬೇಜಾರ್ ಮಾಡ್ಕಬ್ಯಾಡ. ಬಸ್ಸಿಗಿನ್ನೂ ಒತ್ತೈತೆ, ಅತ್ಲಾಗ್ ಜರುಗು" ಎಂದು ಚೌಡಯ್ಯ ಟೀವಿ ಮುಂದೆ ಚಕ್ಕಂಬಕ್ಕಳ ಹಾಕಿದರು. ಕೂತ ಗಳಿಗೆಗೇ ಲೋಕೇಶನ ಕೊನೇ ಜೀವ ಕಳೆದು, ನಾಚಿಕೆಯಿಲ್ಲದೆ ಮತ್ತೆ ಮೊದಲಿಂದ ಶುರು ಮಾಡಿದರು.

ಸಂಜೆಯ ಬಸ್ಸೂ ಹೋಯಿತು, ಚೌಡಯ್ಯ ಏಳಲಿಲ್ಲ. ಬೇರೆ ಕೆಲಸ ಕಾಣದೆ ಲೋಕೇಶ ಚೊಂಬು ಹಿಡಿದು ಹಾಲು ಕರೆಯಲು ಹೋದ.